ಎಲ್ಲವೂ ಉಷ್ಣವೆ?

ನಮ್ಮ ಸೀಮೆಯಲ್ಲಿ ಕೆಳಹೊಟ್ಟೆಯ ಬೇನೆಗಳಿಗೆಲ್ಲ ಎರಡೇ ಹೆಸರು. ಒಂದು ಉಷ್ಣ, ಇನ್ನೊಂದು ಮೂಲವ್ಯಾಧಿ. ಉಷ್ಣಕ್ಕೆ ಮಜ್ಜಿಗೆಯುಂಟು, ಎಳನೀರುಂಟು, ನೆನೆಹಾಕಿದ ಮೆಂತ್ಯವುಂಟು. ಮೂಲವ್ಯಾಧಿಗೆ ರಸ್ತೆಬದಿಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ವಿಳಾಸಗಳುಂಟು. ಮಾಲೂರಿಗಾಗಲಿ ಮುಳಬಾಗಿಲಿಗಾಗಲಿ ಬಸ್ಸಿನಲ್ಲಿ ಹೋಗುವವರು 'ಆಪರೇಷನ್ ಇಲ್ಲದೆ ಗುಣ' ಎಂಬ ಬರಹವನ್ನು ನೋಡಿಯೇ ಇರುತ್ತಾರೆ. ಈ ಹೆಸರುಗಳ ಮೇಲೆ ನನಗೇನೂ ದ್ವೇಷವಿಲ್ಲ. ರಕ್ತ ಹೋಗುವವರಲ್ಲಿ ಬಹುಮಂದಿಯ ತೊಂದರೆ ಮೂಲವ್ಯಾಧಿಯಷ್ಟೇ ಆಗಿರುತ್ತದೆಂದು ವೈದ್ಯರೂ ಒಪ್ಪುತ್ತಾರೆ. ಆದರೆ ಪರೀಕ್ಷೆಯೇ ಇಲ್ಲದೆ ಹೆಸರಿಟ್ಟುಬಿಡುವುದು ನ್ಯಾಯವೆ? ದೊಡ್ಡಕರುಳಿನ ಹುಣ್ಣಾಗಲಿ ಕ್ಯಾನ್ಸರಾಗಲಿ ಈ ಎರಡು ಹೆಸರುಗಳ ಮರೆಯಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲದು.

ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ಆದುದರಿಂದ ಆಸ್ಪತ್ರೆಯ ಚೀಟಿಗಳನ್ನು ಓದಿ ಹೇಳುವ ಕೆಲಸವೂ ನನ್ನದೇ. ಹೋದ ವರ್ಷ ದೊಡ್ಡಪ್ಪನವರ ಚೀಟಿ ನನ್ನ ಕೈಗೆ ಬಂತು. ಶ್ರೀನಿವಾಸಪುರದ ಕಡೆ ಮಾವಿನ ತೋಪು ಕಾಯುವವರು ಅವರು. ಎಂಟು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು; ದೊಡ್ಡಮ್ಮನಿಗೂ ತಿಳಿಸಿರಲಿಲ್ಲ. ಗೋಡೆಯ ಮೇಲಿನ ಒಂದು ವಿಳಾಸಕ್ಕೆ ಮೂರು ಸಲ ಹೋಗಿ ಲೇಹ್ಯ ತಂದಿದ್ದರು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಮೈ ಇಳಿದ ಮೇಲೆ ಮನೆಯವರು ಹಿಡಿದು ಕೇಳಿದರು. ಕೊಲೊನೋಸ್ಕೋಪಿಯಲ್ಲಿ ಗುದನಾಳದ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯಾಯಿತು. ಈಗ ಹೊಟ್ಟೆಯ ಮಗ್ಗುಲಿಗೆ ಚೀಲ ಅಂಟಿಸಿಕೊಂಡು ಮತ್ತೆ ತೋಪಿಗೆ ಹೋಗುತ್ತಿದ್ದಾರೆ. ಮೊದಲೇ ತೋರಿಸಿದ್ದರೆ ಚೀಲ ತಪ್ಪುತ್ತಿತ್ತೆ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ದೊಡ್ಡಮ್ಮ ಮಾತ್ರ ಕೇಳುವುದನ್ನು ಬಿಟ್ಟಿಲ್ಲ.

ಇದೇ ದೊಡ್ಡಪ್ಪನವರು ಹಸು ತೆಳ್ಳಗೆ ಸಗಣಿ ಹಾಕಿದರೆ ಹಾಲಿನ ಡೈರಿಯ ಮುಂದೆ ಹತ್ತು ಜನರೆದುರು ಅದರ ಬಣ್ಣ, ವಾಸನೆ, ಹೊತ್ತು ಎಲ್ಲವನ್ನೂ ವರ್ಣಿಸಬಲ್ಲರು! ಮನುಷ್ಯನ ವಿಷಯ ಬಂದರೆ ನಮಗೆ ಮಾತೇ ಹೊರಡದು. 'ಕೆರೆಯ ಕಡೆ', 'ಬಯಲ ಕಡೆ', 'ಆಚೆ' ಎಂದು ದಿಕ್ಕು ತೋರಿಸುತ್ತೇವೆಯೇ ಹೊರತು ಸಂಗತಿ ಹೇಳುವುದಿಲ್ಲ. ಮನೆಯಲ್ಲಿ ತೆಲುಗಾಡುವ ನನ್ನ ಮುಳಬಾಗಿಲಿನ ಸ್ನೇಹಿತರೂ ಇದರಲ್ಲಿ ನಮಗಿಂತ ಹಿಂದೆ ಬಿದ್ದವರಲ್ಲ. ಈಗ ಮನೆಮನೆಗೂ ಶೌಚಾಲಯ ಬಂದಿದೆ, ಸರಿ. ಅದರೊಳಗೆ ದೀಪವಿಲ್ಲದಿದ್ದರೆ ರಕ್ತ ಕಾಣುವುದಾದರೂ ಹೇಗೆ?

ಅಮೆರಿಕದಲ್ಲಿ ಯಾವ ಬೇನೆಯೂ ಇಲ್ಲದವರು ಕೂಡ 45ನೆಯ ವಯಸ್ಸಿನಿಂದ ಕರುಳಿನ ತಪಾಸಣೆ ಮಾಡಿಸಿಕೊಳ್ಳಬೇಕೆಂದು 2021ರಲ್ಲಿ ಅಲ್ಲಿನ ತಜ್ಞರ ಮಂಡಲಿ ಸಲಹೆಯಿತ್ತಿತು. ಅದಕ್ಕೆ ಮುಂಚೆ 50 ಎಂದಿತ್ತು. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳು ಈ ಮೂರಕ್ಕೆ ಉಂಟು. ಕರುಳಿಗಾಗಿ ಯಾರೂ ನಮ್ಮನ್ನು ಕರೆಯುವುದಿಲ್ಲ. ರೋಗಿ ತಾನಾಗಿ ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಬಸ್ ನಿಲ್ದಾಣದ ಬೋಂಡ ತಿಂದು ಎರಡು ದಿನ ಹೊಟ್ಟೆ ಕೆಟ್ಟ ವಿದ್ಯಾರ್ಥಿ ಮಿತ್ರರು ಗಾಬರಿಯಾಗಬೇಕಾಗಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಭೇದಿಯೋ ಮಲಬದ್ಧತೆಯೋ ಹೊಸದಾಗಿ ಅಂಟಿಕೊಂಡರೆ, ಹೋಗಿ ಬಂದರೂ ಮತ್ತೆ ಹೋಗಬೇಕೆನಿಸುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರ ಮುಂದೆ ಹೇಳಲೇಬೇಕು. ತಂದೆತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಮುಚ್ಚಿಡಬಾರದು. ಇನ್ನೊಂದು ಲಕ್ಷಣವನ್ನು ನಾವು ಗಮನಿಸುವುದೇ ಇಲ್ಲ. 'ರಕ್ತ ಕಡಿಮೆ' ಎಂದು ಕಬ್ಬಿಣಾಂಶದ ಮಾತ್ರೆ ನುಂಗುವ ಮುಟ್ಟು ನಿಂತ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿಯಿಲ್ಲ! ಗಂಡಸರಲ್ಲೂ ಅಂಥ ಹೆಂಗಸರಲ್ಲೂ ಕಬ್ಬಿಣಾಂಶ ಕುಗ್ಗಿದ್ದರೆ, ರಕ್ತ ಕರುಳಿನಲ್ಲಿ ಸೋರುತ್ತಿದೆಯೆ ಎಂದು ನೋಡಬೇಕಾಗುತ್ತದೆ. ಮಾತ್ರೆ ಕೊಡುವವರು ಅಷ್ಟನ್ನು ಕೇಳಬಾರದೆ?

ಪರೀಕ್ಷೆಯೇನೂ ರಾಕ್ಷಸವಲ್ಲ. ಬೆರಳು ಗಾತ್ರದ ಬಾಗುವ ಕೊಳವೆ, ತುದಿಯಲ್ಲಿ ದೀಪ ಮತ್ತು ಕ್ಯಾಮರಾ. ಒಂದೂವರೆ ಮೀಟರಿನಷ್ಟು ದೊಡ್ಡಕರುಳನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಒಳಗೆ ಪಾಲಿಪ್ ಎಂಬ ಸಣ್ಣ ಗಂಟು ಕಂಡರೆ ಸಾಮಾನ್ಯವಾಗಿ ಆಗಲೇ ಕತ್ತರಿಸಿ ತೆಗೆಯುತ್ತಾರೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ಶಿನ್ಯಾ ಮತ್ತು ವುಲ್ಫ್ ಎಂಬ ವೈದ್ಯರು ಹೊಟ್ಟೆ ಕೊಯ್ಯದೆ ಹೀಗೆ ತೆಗೆಯುವ ದಾರಿ ತೋರಿಸಿದರು. ಅಂಥ ಗಂಟು ಕ್ಯಾನ್ಸರಾಗಲು ಸಾಧಾರಣವಾಗಿ ಹತ್ತು ವರ್ಷಗಳಾದರೂ ಹಿಡಿಯುವುದರಿಂದ ಮುಂಚೆಯೇ ತೆಗೆದರೆ ರೋಗವೇ ಬಾರದಂತೆ ಮಾಡಬಹುದು.

ನಮ್ಮವರಿಗೆ ಕಷ್ಟವಿರುವುದು ಹಿಂದಿನ ರಾತ್ರಿ. ಕರುಳು ತೊಳೆಯುವ ಔಷಧಿಯ ನೀರನ್ನು ಲೀಟರುಗಟ್ಟಲೆ ಕುಡಿಯಬೇಕು. ಉಳಿದರ್ಧವನ್ನು ಅನೇಕ ವೇಳೆ ನಸುಕಿನಲ್ಲಿ. ಅದನ್ನು ಕುಡಿದು ಹಳ್ಳಿಯಿಂದ ಮೊದಲ ಬಸ್ಸು ಹತ್ತುವುದೆಂತು? ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು 25 ಕಿಲೋಮೀಟರು; ಬೆಂಗಳೂರಿಗಾದರೆ ಅದರ ಮೇಲೆ ಇನ್ನೂ 70ರಷ್ಟು. ಮಂಪರಿನ ಮದ್ದು ಕೊಡುವುದರಿಂದ ಜೊತೆಗೊಬ್ಬರು ಬೇಕು. ಇಬ್ಬರ ಕೂಲಿಯೂ ಹೋಯಿತು. ದೂರದವರಿಗೆ ಹಿಂದಿನ ರಾತ್ರಿಯೇ ಆಸ್ಪತ್ರೆಯಲ್ಲಿ ಒಂದು ಹಾಸಿಗೆ, ಹತ್ತಿರದಲ್ಲಿ ನೀರಿರುವ ಒಂದು ಶೌಚಾಲಯ ಕೊಟ್ಟರೆ ಎಷ್ಟೋ ಮಂದಿ ಹಿಂಜರಿಯದೆ ಬಂದಾರು.

ದೊಡ್ಡಪ್ಪನವರಿಗೆ ಕೊಟ್ಟ ಪಥ್ಯದ ಚೀಟಿ ಇಂಗ್ಲಿಷಿನಲ್ಲಿತ್ತು. ನಾರಿನ ಪದಾರ್ಥ ಬೇಡ ಎಂಬುದು ಅದರ ಸಾರಾಂಶ. ಅದನ್ನು ನಾನು ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ: ರಾಗಿ ಮುದ್ದೆ ಬೇಡ, ಸೊಪ್ಪಿನ ಸಾರು ಬೇಡ, ಅವರೆಕಾಳು ಬೇಡ, ಬೀಜವಿರುವ ಟೊಮೆಟೊ ಬೇಡ, ಬಿಳಿ ಅನ್ನ, ತಿಳಿ ಮಜ್ಜಿಗೆ ಆಗಬಹುದು. ದೊಡ್ಡಮ್ಮ ಮಗಳಿಂದ ಓದಿಸಿಕೊಂಡು, 'ಇಷ್ಟೇನಾ? ಇದನ್ನು ಅವರೇ ಹೇಳಬಹುದಾಗಿತ್ತಲ್ಲ' ಎಂದರು.