ಎಲುಬು ಕೂಡಿತು, ಕೈ ಏಳಲಿಲ್ಲ!

ಬೆಳಗ್ಗೆ ಬೋಣಿಯ ಹೊತ್ತಿಗೆ ಗಿರಾಕಿ ಎಡಗೈಯಲ್ಲಿ ನೋಟು ಚಾಚಿದರೆ ಹಂಪನಕಟ್ಟೆಯ ಯಾವ ಅಂಗಡಿಯವರ ಮುಖವೂ ಅರಳುವುದಿಲ್ಲ. ‘ಬಲಗೈಗೆ ಎಂತ ಆಗಿದೆ ಮಾರಾಯ?’ ಎಂದು ಕೇಳಿಯೂ ಬಿಡುತ್ತಾರೆ. ಕೇಳಿದ ಮೇಲೆ ಗೊತ್ತಾಗುತ್ತದೆ, ಬಲಗೈಗೆ ನಿಜಕ್ಕೂ ಏನೋ ಆಗಿದೆ ಎಂದು. ಅದು ಪ್ಯಾಂಟಿನ ಜೇಬಿನೊಳಗೆ ಇದೆ. ತಾನಾಗಿ ಹೋದದ್ದಲ್ಲ, ಎಡಗೈಯೇ ಅದನ್ನು ಎತ್ತಿ ಜೇಬಿಗೆ ಹಾಕಿದೆ. ಹಾಗೆ ಇಡದಿದ್ದರೆ ಅದು ಹಗ್ಗದ ತುಂಡಿನ ಹಾಗೆ ನೇತಾಡುತ್ತದೆ.

ಇಂಥವರು ಸ್ಟೇಟ್‌ಬ್ಯಾಂಕಿನಿಂದ ಹೊರಡುವ ಬಸ್ಸುಗಳಲ್ಲೂ ಇರುತ್ತಾರೆ. ಕಂಡಕ್ಟರು ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಗದರಿದರೆ ಒಂದೇ ಕೈಯಲ್ಲಿ ಕಂಬಿ ಹಿಡಿದು ಸರ್ಕಸ್ಸು ಮಾಡುವವರು. ಹೆಚ್ಚಿನವರದ್ದು ಇಪ್ಪತ್ತು, ಇಪ್ಪತ್ತೈದರ ಪ್ರಾಯ. ಕತೆಯೂ ಹೆಚ್ಚುಕಡಿಮೆ ಒಂದೇ. ಬೈಕು ಸ್ಕಿಡ್ ಆಯಿತು. ಹೆಗಲ ಮೇಲೆ ಬಿದ್ದ. ಕೊರಳ ಕೆಳಗಿನ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಎಲುಬು ಫಸ್ಟ್‌ಕ್ಲಾಸ್ ಆಗಿ ಕೂಡಿತು. ಎಕ್ಸ್‌ರೇ ನೋಡಿ ಮನೆಯವರೆಲ್ಲ ಸಮಾಧಾನಪಟ್ಟರು. ಕೈ ಮಾತ್ರ ಏಳಲಿಲ್ಲ.

ಯಾಕೆ ಏಳಲಿಲ್ಲ? ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ನರ ಕಾಣುವುದಿಲ್ಲ. ಕಾಣದ್ದನ್ನು ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವ ಹೊತ್ತಿಗೆ ವರ್ಷ ಕಳೆದಿರುತ್ತದೆ.

ಆಸ್ಪತ್ರೆಗೆ ಬರವಿಲ್ಲ

ಮಂಗಳೂರಿನಲ್ಲಿ ಎಲುಬು ಕೂಡಿಸಲು ಜನ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. 1848ರಿಂದ ನಡೆದು ಬಂದ, ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕರ ಹೆಸರು ಹೊತ್ತ ಸರ್ಕಾರಿ ಆಸ್ಪತ್ರೆ ಊರಿನ ನಟ್ಟ ನಡುವೆ ಉಂಟು. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದ ಕಂಕನಾಡಿಯ ಜಾಗದಲ್ಲಿ ಈಗ ವೈದ್ಯಕೀಯ ಕಾಲೇಜೇ ಇದೆ. 1953ರಲ್ಲಿ ಟಿ.ಎಂ.ಎ. ಪೈಗಳು ಕಟ್ಟಿದ ಕೆಎಂಸಿಯ ಹುಡುಗರು ವೆನ್ಲಾಕಿನ ವಾರ್ಡುಗಳಲ್ಲೇ ರೋಗಿ ನೋಡಲು ಕಲಿತವರು. ದೇರಳಕಟ್ಟೆ, ಕುಂಟಿಕಾನ, ನಾಟೆಕಲ್, ಮುಕ್ಕ, ದೂರದ ಸುಳ್ಯ ಎಲ್ಲ ಸೇರಿ ಜಿಲ್ಲೆಯೊಂದರಲ್ಲೇ ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳಾದವು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದವರೂ ಬಿದ್ದರೆ ಎದ್ದರೆ ಇಲ್ಲಿಗೇ ಬರುವುದು. 2020ರಲ್ಲಿ ಕೊರೊನ ಕಾಲಕ್ಕೆ ತಲಪಾಡಿ ಗಡಿ ಬಂದ್ ಮಾಡಿದಾಗ ಕಾಸರಗೋಡಿನ ರೋಗಿಗಳು ಆ ಕಡೆಯೇ ಉಳಿದು, ಸಂಗತಿ ಸುಪ್ರೀಂ ಕೋರ್ಟಿನ ತನಕ ಹೋದದ್ದು ಜನರಿಗೆ ಮರೆತಿರಲಾರದು.

ಎಲುಬಿನ ಕೆಲಸವೂ ಎಷ್ಟೋ ಮುಂದೆ ಹೋಗಿದೆ. ತೊಡೆಯ ಎಲುಬು ಮುರಿದರೆ ಕಾಲಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದ ಕಾಲವೊಂದಿತ್ತು. ಈಗ ಎಲುಬಿನ ಒಳಗೇ ರಾಡು ಇಳಿಸಿ, ಮೇಲೆ ಕೆಳಗೆ ಸ್ಕ್ರೂ ಬಿಗಿದು, ಕೆಲವೇ ದಿನದಲ್ಲಿ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. ಎಲುಬಿನ ತುಂಡೇ ರಸ್ತೆಯಲ್ಲಿ ಹೋದರೂ ದಾರಿ ಉಂಟು. ಸೈಬೀರಿಯದ ಕುರ್ಗಾನ್ ಎಂಬ ಊರಿನ ಡಾಕ್ಟರ್ ಇಲಿಜಾರೋವ್ 1950ರ ದಶಕದಲ್ಲಿ ಕಂಡುಹಿಡಿದ ಬಳೆಗಳ ಸಲಕರಣೆ ಅದು. ಕಾಲಿನ ಸುತ್ತ ಕಬ್ಬಿಣದ ಬಳೆ, ಬಳೆಯಿಂದ ಎಲುಬಿಗೆ ತಂತಿ. ಉಳಿದ ಎಲುಬನ್ನು ಒಂದು ಕಡೆ ಮೆಲ್ಲಗೆ ಕೊರೆದು, ದಿನಕ್ಕೆ ನಾಲ್ಕು ಸಲ ಕಾಲು ಕಾಲು ಮಿಲಿಮೀಟರ್ ತಿರುಗಿಸಿ ಎಳೆಯುವುದು. ಅಂದರೆ ದಿನಕ್ಕೆ ಒಂದು ಮಿಲಿಮೀಟರ್. ಬಿಟ್ಟ ಜಾಗದಲ್ಲಿ ಹೊಸ ಎಲುಬು ಬೆಳೆಯುತ್ತದೆ. ನಂಬಲಿಕ್ಕೆ ಕಷ್ಟ, ಆದರೆ ಹೌದು.

ದಿನಕ್ಕೆ ಒಂದು ಮಿಲಿಮೀಟರ್ ಎಂಬ ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು. ನರದ ಲೆಕ್ಕವೂ ಅಷ್ಟೇ. ಆದರೆ ಎಲುಬಿನ ಹಾಗೆ ನರದ ಕೆಲಸ ಕಾಯುವುದಿಲ್ಲ.

ಯಾವ ನರ ಸ್ವಾಮಿ?

ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಗ್ಲೂಕೋಸ್ ಹಾಕಲು ಹುಡುಕುವುದೂ ‘ನರ’, ಕುತ್ತಿಗೆ ಉಳುಕಿದರೆ ಹಿಡಿದುಕೊಳ್ಳುವುದೂ ‘ನರ’, ಕಾಲಿನಲ್ಲಿ ನೀಲಿಯಾಗಿ ಉಬ್ಬುವುದೂ ‘ನರ’. ರಕ್ತ ಹರಿಯುವ ನಾಳ, ಮಾಂಸವನ್ನು ಎಲುಬಿಗೆ ಕಟ್ಟಿದ ಹುರಿ, ಮೆದುಳಿನ ಅಪ್ಪಣೆ ಒಯ್ಯುವ ತಂತಿ ಮೂರಕ್ಕೂ ಒಂದೇ ಹೆಸರು! ಹಾಗಾಗಿ ಡಾಕ್ಟರು ‘ನರಕ್ಕೆ ಪೆಟ್ಟಾಗಿದೆ’ ಎಂದರೆ ಮನೆಯವರು ಎಣ್ಣೆ ಹಚ್ಚಿ ತಿಕ್ಕಲು ಹೊರಡುತ್ತಾರೆ. ಎಣ್ಣೆ ತಿಕ್ಕಿದರೆ ಉಳುಕು ಹೋದೀತು. ಕಡಿದ ತಂತಿ ಕೂಡೀತೆ?

ಇಲ್ಲಿ ಹೇಳುತ್ತಿರುವುದು ಆ ತಂತಿಯ ವಿಷಯ. ಕುತ್ತಿಗೆಯ ಬುಡದಲ್ಲಿ ಬೆನ್ನುಹುರಿಯಿಂದ ಐದು ಬೇರುಗಳು ಹೊರಟು, ಜಡೆಯ ಹಾಗೆ ಹೆಣೆದುಕೊಂಡು, ಕೊರಳೆಲುಬಿನ ಅಡಿಯಿಂದ ತೋಳಿಗೆ ಇಳಿಯುತ್ತವೆ. ಇಡೀ ಕೈಯ ‘ಮೈನ್ ಲೈನ್’ ಅದು. ಬೈಕಿನಿಂದ ಹಾರಿ ಬೀಳುವಾಗ ಹೆಗಲು ರಸ್ತೆಗೆ ಬಡಿದು ನಿಲ್ಲುತ್ತದೆ, ತಲೆ ಇನ್ನೊಂದು ಕಡೆಗೆ ಎಳೆಯುತ್ತದೆ. ನಡುವೆ ಸಿಕ್ಕಿಬಿದ್ದ ಲೈನು ಜಗ್ಗುತ್ತದೆ, ಹರಿಯುತ್ತದೆ, ಕೆಲವೊಮ್ಮೆ ಬುಡ ಸಮೇತ ಕಿತ್ತುಬರುತ್ತದೆ. ಚರ್ಮದ ಮೇಲೆ ಗಾಯವೇ ಇಲ್ಲದಿರಬಹುದು. ಹೆಲ್ಮೆಟ್ ತಲೆಯನ್ನು ಉಳಿಸುತ್ತದೆ, ಹೆಗಲನ್ನು ಉಳಿಸುವುದಿಲ್ಲ. (ಹಾಗೆಂದು ಹೆಲ್ಮೆಟ್ ಬಿಟ್ಟು ಹೊರಟರೆ ಈ ಚರ್ಚೆಗೂ ಜನ ಉಳಿಯುವುದಿಲ್ಲ!) ನಂತೂರು, ಕೆಪಿಟಿ, ಪಡೀಲು ಎಂದು ದಿನಾ ಹೆದ್ದಾರಿ ದಾಟುವ ಊರಿಗೆ ಇದು ದೂರದ ಸಂಗತಿ ಅಲ್ಲ.

ಪೆಟ್ಟಿನಲ್ಲಿ ಮೂರು ತರ. ಮೆಸ್ಕಾಂ ಲೈನಿಗೆ ಹೋಲಿಸಿದರೆ ಸುಲಭ. ಒಂದು, ಬರೇ ಫ್ಯೂಸ್ ಹೋದದ್ದು. ನರ ಕಂಗೆಟ್ಟಿದೆ ಅಷ್ಟೆ, ದಿನಗಳಲ್ಲೋ ವಾರಗಳಲ್ಲೋ ತಾನಾಗಿ ಬರುತ್ತದೆ. ಎರಡು, ಹೊರಗಿನ ರಬ್ಬರು ಸರಿ ಇದ್ದು ಒಳಗಿನ ತಾಮ್ರ ಕಡಿದದ್ದು. ಇದೂ ಬರುತ್ತದೆ, ಆದರೆ ದಿನಕ್ಕೆ ಒಂದು ಮಿಲಿಮೀಟರಿನಂತೆ ಚಿಗುರಿಕೊಂಡು ಬರಬೇಕು. ಮೂರು, ಲೈನೇ ತುಂಡಾದದ್ದು. ಇದು ತಾನಾಗಿ ಬರುವುದಿಲ್ಲ. ಶಸ್ತ್ರಚಿಕಿತ್ಸೆಯೇ ಆಗಬೇಕು.

ಕಷ್ಟ ಎಲ್ಲಿ ಎಂದರೆ, ಮೊದಲ ದಿನ ಮೂರೂ ಒಂದೇ ತರ ಕಾಣುತ್ತವೆ. ಗಾಜೋ ಕತ್ತಿಯೋ ತಾಗಿ ಕಡಿದದ್ದಾದರೆ ಸಂಶಯವಿಲ್ಲ, ಆಗಿಂದಾಗಲೇ ಹೊಲಿಯಬೇಕು. ಬಿದ್ದು ಜಗ್ಗಿದ್ದಾದರೆ ಡಾಕ್ಟರು ‘ಸ್ವಲ್ಪ ಕಾಯುವ’ ಎನ್ನುತ್ತಾರೆ. ಅದು ತಪ್ಪಲ್ಲ. ತೋಳಿನ ಎಲುಬು ಮುರಿದು ಮಣಿಕಟ್ಟು ಜೋತುಬಿದ್ದವರಲ್ಲಿ ಹೆಚ್ಚಿನವರಿಗೆ ಕಾದದ್ದರಿಂದಲೇ ಕೈ ಬಂದಿದೆ. ಆದರೆ ಡಾಕ್ಟರ ‘ಕಾಯುವ’ ಎಂಬ ಮಾತಿಗೆ ತಾರೀಕು ಇರುತ್ತದೆ. ಮನೆಗೆ ಬರುವಾಗ ಅದು ‘ಬರ್ತದಂತೆ’ ಎಂದಾಗಿ ಬಿಡುತ್ತದೆ. ಅದಕ್ಕೆ ತಾರೀಕಿಲ್ಲ!

ಬಿಸು ದಾಟಿದರೆ?

ತಾರೀಕು ಯಾಕೆ ಬೇಕು? ಅಪ್ಪಣೆ ಬಾರದ ಮಾಂಸಖಂಡ ಬತ್ತುತ್ತದೆ. ಸುಮಾರು ಒಂದು ವರ್ಷ, ಒಂದೂವರೆ ವರ್ಷ ಕಳೆದರೆ ಆಮೇಲೆ ಲೈನು ಬಂದು ಮುಟ್ಟಿದರೂ ಬಲ್ಬು ಉರಿಯುವುದಿಲ್ಲ. ಕುತ್ತಿಗೆಯಿಂದ ತೋಳಿನ ಸ್ನಾಯುವಿಗೆ ಒಂದು ಗೇಣಿಗಿಂತ ಮೇಲೆ ದಾರಿ; ದಿನಕ್ಕೆ ಮಿಲಿಮೀಟರಿನಂತೆ ತಿಂಗಳುಗಳು ಬೇಕು. ಬೆರಳ ತನಕ ಎರಡು ವರ್ಷವಾದೀತು. ಹಾಗಾಗಿ ಹೊರಡುವುದನ್ನು ಬೇಗ ಹೊರಡಬೇಕು. ಮೂರು ತಿಂಗಳಲ್ಲಿ ಕೈ ಅಲುಗದಿದ್ದರೆ ನರದ ಕರೆಂಟ್ ಪರೀಕ್ಷೆ, ಎಂಆರ್‌ಐ ಎಲ್ಲ ಮುಗಿದಿರಬೇಕು. ಆರು ತಿಂಗಳ ಒಳಗೆ ಟೇಬಲಿನ ಮೇಲೆ ಇರಬೇಕು. ದೀಪಾವಳಿಗೆ ಬಿದ್ದವನು ಶಿವರಾತ್ರಿಗೆ ನರದ ಸರ್ಜನರನ್ನು ಕಂಡಿರಬೇಕು. ಬಿಸುವಿಗೆ ಮೊದಲು ಆಪರೇಷನ್ ಆಗಬೇಕು. ಮುಂದಿನ ದೀಪಾವಳಿಗೆ ಹೋದರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಪಂಪ್‌ವೆಲ್ ಮೇಲ್ಸೇತುವೆಗೆ ಊರು ವರ್ಷಗಟ್ಟಲೆ ಕಾದು 2020ರಲ್ಲಿ ದಾಟಿತು. ನರಕ್ಕೆ ಅಷ್ಟು ತಾಳ್ಮೆ ಇಲ್ಲ.

ಟೇಬಲಿನ ಮೇಲೆ ಏನು ಮಾಡುತ್ತಾರೆ? ನಡುವೆ ತುಂಡು ಹೋಗಿದ್ದರೆ ಕಾಲಿನ ಮೀನಖಂಡದ ಹಿಂದಿನ ಒಂದು ನರ ತೆಗೆದು ಸೇರಿಸುತ್ತಾರೆ. ಅದು ಹೋದರೆ ಪಾದದ ಒಂದು ಬದಿ ಜೋಮು ಹಿಡಿದ ಹಾಗೆ ಇರುತ್ತದೆ, ನಡೆಯಲು ತೊಂದರೆಯಿಲ್ಲ. ಬೇರೇ ಕಿತ್ತಿದ್ದರೆ ಪಕ್ಕದ ಮನೆಯಿಂದ ಕರೆಂಟು ಎಳೆಯುವ ಉಪಾಯ. ಫ್ರಾನ್ಸಿನ ಒಬರ್ಲಿನ್ ಎಂಬ ಸರ್ಜನ್ 1994ರಲ್ಲಿ ತೋರಿಸಿಕೊಟ್ಟ ದಾರಿಯಲ್ಲಿ, ಕಿರುಬೆರಳ ಕಡೆಗೆ ಹೋಗುವ ನರದ ಒಂದೆಳೆ ಬಿಡಿಸಿ ಮೊಣಕೈ ಮಡಚುವ ಸ್ನಾಯುವಿಗೆ ಜೋಡಿಸುತ್ತಾರೆ. ಆ ನರವೂ ಹೋಗಿದ್ದರೆ ಪಕ್ಕೆಲುಬಿನ ನಡುವೆ ಉಸಿರಾಟಕ್ಕೆ ಇರುವ ನರಗಳನ್ನೇ ತಂದು ಕೂಡಿಸುವುದುಂಟು. ಅಂಥವರಿಗೆ ಮೊದಮೊದಲು ದೊಡ್ಡದಾಗಿ ಉಸಿರೆಳೆದರೆ ಮಾತ್ರ ತೋಳಿನ ಸ್ನಾಯು ಅಲುಗುವುದು! ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ ಮೆದುಳಿಗೆ ಹೊಸ ದಾರಿ ತಿಳಿಯುತ್ತದೆ, ಉಸಿರಿನ ಹಂಗು ತಪ್ಪುತ್ತದೆ.

ತಡವಾಗಿ ಹೋದವರಿಗೆ ಏನೂ ಇಲ್ಲವೆ? ಉಂಟು. ಕೆಲಸ ಮಾಡುವ ಸ್ನಾಯುವಿನ ಹುರಿಯನ್ನು ತಿರುಗಿಸಿ, ಸತ್ತ ಸ್ನಾಯುವಿನ ಕೆಲಸಕ್ಕೆ ಹಚ್ಚುವುದು. ಈ ವಿದ್ಯೆ ಕುಷ್ಠರೋಗಿಗಳ ಉಪಕಾರದಿಂದ ಬೆಳೆದದ್ದು. ಕುಷ್ಠ ನರವನ್ನೇ ತಿಂದು ಬೆರಳುಗಳನ್ನು ಕೊಕ್ಕೆ ಮಾಡುತ್ತದೆ. ಮುಲ್ಲರರು 1890ರಲ್ಲೇ ಕಂಕನಾಡಿಯಲ್ಲಿ ಕುಷ್ಠಾಶ್ರಮ ತೆರೆದರೂ ಆ ಕೊಕ್ಕೆಯನ್ನು ಬಿಡಿಸುವ ದಾರಿ ಆಗ ಇರಲಿಲ್ಲ. 1940ರ ದಶಕದ ಕೊನೆಗೆ ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಅದನ್ನು ಮಾಡಿ ತೋರಿಸಿದರು. ಯಾರನ್ನು ಊರು ಬಸ್ಸಿಗೆ ಹತ್ತಿಸುತ್ತಿರಲಿಲ್ಲವೋ ಅವರ ಕೈ ಮೇಲೆ ಕಲಿತ ಕೆಲಸ ಇಂದು ಬೈಕಿನವರ ಕೈಯನ್ನೂ ಎತ್ತುತ್ತಿದೆ.

ಕಟ್ಟು ಬಿಗಿಯಾದರೆ

ನಾಟಿ ಪಂಡಿತರ ಮಾತು ಬಾರದೆ ಎಲುಬಿನ ಮಾತು ಮುಗಿಯುವುದಿಲ್ಲ. ಸಾದಾ ಬಿರುಕು ಯಾರು ಕಟ್ಟಿದರೂ ಕೂಡುತ್ತದೆ. ಅವರ ಹೆಸರು ಬೆಳೆದದ್ದು ಅದರಿಂದ. ಆಂಧ್ರದ ಪುತ್ತೂರಿನ ಕಟ್ಟಿಗೆ (ನಮ್ಮ ಪುತ್ತೂರಲ್ಲ) ರಾಜ್ಯ ದಾಟಿ ಜನ ಹೋಗುತ್ತಾರೆ. ಅಪಾಯ ಇರುವುದು ಮಕ್ಕಳ ಮೊಣಕೈಯಲ್ಲಿ. ಮರದಿಂದ ಬಿದ್ದ ಮಗುವಿನ ಮೊಣಕೈಗೆ ಬಿದಿರ ಸೀಳು ಇಟ್ಟು ಬಿಗಿದು ಕಟ್ಟಿದರೆ, ಒಳಗೆ ಬಾವು ಏರಿ ರಕ್ತ ನಿಂತು, ಗಂಟೆಗಳಲ್ಲಿ ಮಾಂಸವೂ ನರವೂ ಸಾಯುತ್ತವೆ. ಆಮೇಲೆ ಬೆರಳು ಜೀವನಪೂರ್ತಿ ಮಡಚಿದ್ದು ಮಡಚಿದ ಹಾಗೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಹಾಗೆ ನೋಡಿದರೆ ಆಸ್ಪತ್ರೆಯ ಪ್ಲಾಸ್ಟರೂ ಬಿಗಿಯಾಗಬಹುದು. ಕಟ್ಟು ಯಾರದ್ದೇ ಆಗಲಿ, ನೋವು ಇಳಿಯುವ ಬದಲು ಏರುತ್ತಾ ಹೋದರೆ, ಬೆರಳು ಬಿಡಿಸಿದಾಗ ಮಗು ಕಿರುಚಿದರೆ, ಬೆರಳತುದಿ ಬಿಳಿಚಿದರೆ, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿಯಾದರೂ ಸೈ, ಆಸ್ಪತ್ರೆಗೆ ಒಯ್ದು ಕಟ್ಟು ಬಿಡಿಸಬೇಕು.

ಏಳು ದಿನದ ಲೆಕ್ಕ

ಇನ್ನು ದುಡ್ಡು. ಸರ್ಕಾರ ಏನೂ ಕೊಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಅಪಘಾತದವರಿಗೆ ಮೊದಲ 48 ಗಂಟೆ 25,000 ರೂಪಾಯಿ ತನಕ ಉಚಿತ ಚಿಕಿತ್ಸೆ ಎಂದು ರಾಜ್ಯ ಸರ್ಕಾರ 2016ರಲ್ಲಿ ಹರೀಶ್ ಸಾಂತ್ವನ ಯೋಜನೆ ತಂದಿತು. ಕೇಂದ್ರ ಸರ್ಕಾರ 2025ರ ಮೇಯಲ್ಲಿ ಹೊರಡಿಸಿದ ಯೋಜನೆಯಲ್ಲಿ ರಸ್ತೆ ಅಪಘಾತಕ್ಕೆ ಏಳು ದಿನಗಳ ತನಕ, ಒಂದೂವರೆ ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆ. ಒಳ್ಳೆಯದೇ. ಜೀವ ಉಳಿಯುತ್ತದೆ, ಎಲುಬಿಗೆ ರಾಡು ಬೀಳುತ್ತದೆ.

ಆದರೆ ನರದ ಆಪರೇಷನ್ ಬರುವುದು ಮೂರನೇ ತಿಂಗಳ ಮೇಲೆ. ಏಳು ದಿನ ಎಂದೋ ಮುಗಿದಿರುತ್ತದೆ! ಆಗ ಉಳಿಯುವುದು 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು. ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷದ ತನಕ. ಎಪಿಎಲಿನವರಿಗೆ ಪ್ಯಾಕೇಜಿನ ನೂರಕ್ಕೆ ಮೂವತ್ತು, ಒಂದೂವರೆ ಲಕ್ಷ ಮೀರದ ಹಾಗೆ. ತುರ್ತು ಅಲ್ಲದ ದೊಡ್ಡ ಆಪರೇಷನ್‌ಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಆ ಚೀಟಿಗೆ ಒಂದು ದಿನ, ಪರೀಕ್ಷೆಗೆ ಒಂದು ದಿನ, ‘ಸರ್ ಇವತ್ತು ಇಲ್ಲ’ ಎಂಬುದಕ್ಕೆ ಇನ್ನೊಂದು ದಿನ. ಸುಬ್ರಹ್ಮಣ್ಯದ ಕಡೆಯಿಂದ ಬರುವ ಕೂಲಿಯವನಿಗೆ ಪ್ರತಿ ಸಲವೂ ಒಂದು ದಿನದ ಸಂಬಳ ಹೋಯಿತು. ಬಸ್ಸಿನ ದುಡ್ಡೂ ಕೂಲಿ ನಷ್ಟವೂ ಯಾವ ಕಾರ್ಡಿನಲ್ಲೂ ಇಲ್ಲ. ಜೊತೆಗೆ ಬರುವ ಹೆಂಡತಿಗೆ 2023ರ ಶಕ್ತಿ ಯೋಜನೆಯ ಉಚಿತ ಟಿಕೇಟು ಸರ್ಕಾರಿ ಬಸ್ಸಿಗೆ ಮಾತ್ರ. ಮಂಗಳೂರಿಗೆ ಬಂದಿಳಿದ ಮೇಲೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಉಂಟು. ಅದು ಇದೆ ಎಂದು ಮರ ಹತ್ತಿಸುವ ಧಣಿಗಳು ಎಷ್ಟು ಮಂದಿ ಹೇಳಿಕೊಟ್ಟಿದ್ದಾರೆ?

ದುಡ್ಡು ಬೇಡದ ಕೆಲಸವೊಂದು ಉಂಟು. ಕೈಗೆ ಬಲವಿಲ್ಲದೆ ಡಿಸ್‌ಚಾರ್ಜ್ ಆಗುವ ಪ್ರತಿಯೊಬ್ಬನ ಚೀಟಿಯಲ್ಲಿ, ಎಲುಬಿನ ಎಕ್ಸ್‌ರೇಗೆ ಬರುವ ದಿನದ ಕೆಳಗೆ ಇನ್ನೂ ಒಂದು ಸಾಲು: ‘ನರದ ಪರೀಕ್ಷೆಗೆ ಇಂಥ ತಾರೀಕಿಗೆ, ಇಂಥ ವಿಭಾಗಕ್ಕೆ’. ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ. ಹತ್ತಿರದ ಮಣಿಪಾಲದಲ್ಲಿ ಕೈಯ ಶಸ್ತ್ರಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಈ ಕೆಲಸಕ್ಕೆ ಹೆಸರಾದದ್ದು. ಎಲ್ಲಿಗೆ ಹೋಗಬೇಕು ಎಂದು ಗೊತ್ತಾದರೆ ಜನ ಸಾಲ ಮಾಡಿಯಾದರೂ ಹೋಗುತ್ತಾರೆ. ಎಷ್ಟರೊಳಗೆ ಹೋಗಬೇಕು ಎಂಬುದನ್ನು ಆ ಚೀಟಿಯೇ ಹೇಳಬೇಕು. ಚೀಟಿಯಲ್ಲಿ ಬರೆಯದಿದ್ದರೆ ಡಿಸ್‌ಚಾರ್ಜ್ ಆಗುವವನೇ ಕೌಂಟರಿನಲ್ಲಿ ನಿಂತು ಕೇಳಿ ಬರೆಸಿಕೊಳ್ಳಲಿ. ಪೆನ್ನು ಹಿಡಿಯಲು ಡಾಕ್ಟರ ಕೈ ಹೇಗೂ ಸರಿ ಇದೆ.