ಬೆನ್ನಿಗೂ ಒಂದು ಲೆಕ್ಕ ಬೇಕು

ಹಾಸ್ಟೆಲ್ಲಿನ ಗೆಳೆಯರೆ,

ನಮ್ಮಪ್ಪ ಮಂಡಿಯಲ್ಲಿ ಹಮಾಲಿ. ಸೊಂಟ ಹಿಡಿದುಕೊಂಡಿತು ಅಂತ ಡಾಕ್ಟರ ಹತ್ತಿರ ಹೋದ. 'ಭಾರ ಎತ್ತಬೇಡ. ಎತ್ತಿದರೂ ಮೊಣಕಾಲು ಮಡಚಿ ಎತ್ತು' ಅಂದರು. ಅಪ್ಪ ನಕ್ಕ. ಲಾರಿಯಿಂದ ಬೆನ್ನ ಮೇಲೆ ಬೀಳುವ ಚೀಲ ಮೊಣಕಾಲು ಮಡಚುವ ತನಕ ಕಾಯುತ್ತದೆಯೆ?

ಮಾಲೀಕರು ಹೇಳುವುದೇ ಬೇರೆ: 'ಅವರ ಮೈ ಗಟ್ಟಿ ಕಣಯ್ಯಾ, ಹುಟ್ಟಿದಾಗಿಂದ ಅಭ್ಯಾಸ.' ಸುಳ್ಳು. ಬೆನ್ನೆಲುಬಿನ ನಡುವಿನ ಮೆತ್ತೆಗೆ ಜಾತಿ ಗೊತ್ತಿಲ್ಲ. ಧಣಿಯ ಬೆನ್ನಿನಲ್ಲಿರುವುದೂ ಅದೇ ಮೆತ್ತೆ.

ಲೆಕ್ಕವೇ ಇಲ್ಲ ಎಂದಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 1991ರಲ್ಲಿ ತಿದ್ದಿದ ಒಂದು ಸೂತ್ರವಿದೆ. ಎಲ್ಲ ಅನುಕೂಲವಿದ್ದಾಗ ಎರಡು ಕೈಯಲ್ಲಿ ಎತ್ತಬಹುದಾದದ್ದು 23 ಕಿಲೋ. ಭಾರ ಮೈಯಿಂದ 25 ಸೆಂ.ಮೀ. ಬದಲು 50 ಸೆಂ.ಮೀ. ದೂರವಿದ್ದರೆ ಅದರಲ್ಲಿ ಅರ್ಧ. ಸೊಂಟ ತಿರುಚಿದರೆ, ನೆಲದಿಂದ ಎತ್ತಿದರೆ, ಮತ್ತೆ ಮತ್ತೆ ಎತ್ತಿದರೆ, ಹಿಡಿ ಸರಿಯಿಲ್ಲದಿದ್ದರೆ ಇನ್ನೂ ಕಡಿಮೆ. ನಮ್ಮ ಚೀಲ 50 ಕಿಲೋ. ಹಿಡಿಯೇ ಇಲ್ಲ. ಅದೂ ಅಲ್ಲದೆ ಆ ಸೂತ್ರ ಎತ್ತುವುದನ್ನಷ್ಟೇ ಅಳೆಯುತ್ತದೆ, ಹೊತ್ತುಕೊಂಡು ಹಲಗೆ ಏರುವುದನ್ನಲ್ಲ. ಊರ ಹೊರಗಿನ ಕೇರಿಯ ಹಾಗೆ ಅಪ್ಪನ ಕೆಲಸ ಲೆಕ್ಕದ ಹೊರಗಿದೆ.

ಕಾನೂನು? ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಹೇಳಿತ್ತು. ಮಂಡಿ ಕಾರ್ಖಾನೆಯಲ್ಲವಲ್ಲ! ಭಾರದ ಮಿತಿಯ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದವಾದದ್ದು 1967ರಲ್ಲಿ, ಭಾರತ ಅದನ್ನು ಅನುಮೋದಿಸಿದ್ದು 2010ರಲ್ಲಿ. ಆ 43 ವರ್ಷದಲ್ಲಿ ಒಂದು ತಲೆಮಾರಿನ ಬೆನ್ನು ಬಾಗಿಹೋಯಿತು. ಪಕ್ಕದ ಮಹಾರಾಷ್ಟ್ರದಲ್ಲಿ ಹಮಾಲರಿಗೆಂದೇ ಕಾಯ್ದೆ ಬಂದದ್ದು 1969ರಲ್ಲಿ.

ಅಪ್ಪನಿಗೆ ಚೀಲಕ್ಕಿಷ್ಟು ಅಂತ ಕೂಲಿ. ದಿನಕ್ಕೆ 200 ಚೀಲ ಅಂದುಕೊಳ್ಳಿ, 10 ಟನ್ ಆಯಿತು. ಕಡಿಮೆ ಹೊತ್ತರೆ ಬೆನ್ನು ಉಳಿಯುತ್ತೆ, ಒಲೆ ಉರಿಯಲ್ಲ. ಅಪ್ಪನ ಎತ್ತುವ ರೀತಿ ತಿದ್ದುವವರು ಮೊದಲು ಈ ಕೂಲಿ ಕೊಡುವ ರೀತಿ ತಿದ್ದಲಿ.

ಹಮಾಲರೆಲ್ಲ ನಮ್ಮವರೇ ಅಂತಲ್ಲ. ಬಡ ಮುಸಲ್ಮಾನರಿದ್ದಾರೆ, ಹಿಂದುಳಿದವರಿದ್ದಾರೆ. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಲ್ಲಿ ನಮ್ಮವರನ್ನ ಹುಡುಕಿ ನೋಡಿ!

ಗೆಳೆಯರೆ, ಈ ರಜೆಗೆ ಊರಿಗೆ ಹೋದಾಗ ನೋಟ್‌ಬುಕ್ಕು, ಅಳತೆ ಟೇಪು ಹಿಡಿದು ಮಂಡಿಗೆ ಹೋಗಿ. ಚೀಲ ಎಷ್ಟು ಕಿಲೋ, ಹೊತ್ತು ಎಷ್ಟು ಹೆಜ್ಜೆ ನಡೀತಾರೆ, ಎಷ್ಟೆತ್ತರಕ್ಕೆ ಒಟ್ಟುತ್ತಾರೆ, ಗಂಟೆಗೆ ಎಷ್ಟು ಚೀಲ, ಬಿಡುವೆಷ್ಟು, ಯಾರಿಗೆ ಎಲ್ಲಿ ನೋವು ಎಲ್ಲ ಬರೆಯಿರಿ. ಬರೆದದ್ದನ್ನು ಮೊದಲು ಹಮಾಲರಿಗೇ ಓದಿ ಹೇಳಿ. ಅವರು ಹೌದೆಂದರೆ, ಅವರನ್ನು ಮುಂದಿಟ್ಟುಕೊಂಡು ಎಪಿಎಂಸಿ ಕಚೇರಿಗೆ ಹೋಗೋಣ. ಸಣ್ಣ ಚೀಲ ಕೇಳೋಣ. ತಳ್ಳುಗಾಡಿ ಕೇಳೋಣ. ಲಾರಿಯ ಎತ್ತರಕ್ಕೆ ಕಟ್ಟೆ ಕೇಳೋಣ. ಚೀಲ ಕಡಿಮೆಯಾದರೂ ಕಡಿಮೆಯಾಗದ ದಿನಗೂಲಿ ಕೇಳೋಣ.

ನನ್ನ ಬಿ.ಎ. ಡಿಗ್ರಿ ಒಂದು ಹಾಳೆ. ಅದಕ್ಕೆ ಅಪ್ಪ ಎಷ್ಟು ಚೀಲ ಹೊತ್ತ ಅಂತ ಲೆಕ್ಕ ಹಾಕಲು ಈಗ ಕೂತಿದ್ದೇನೆ. ನೀವೂ ಕೂತುಕೊಳ್ಳಿ.