ಕಬ್ಬಿನ ಹಂಗಾಮು, ವಲಸಿಗ ಕುಟುಂಬಗಳು ಮತ್ತು ನಮ್ಮ ಧರ್ಮಕೇಂದ್ರಗಳ ಹೊಣೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಜನಸಂಖ್ಯೆಯೇ ಬದಲಾಗುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಡದ ಹೊಲಗಳಿಗೆ ಮಹಾರಾಷ್ಟ್ರದ ಬೀಡ, ಧಾರಾಶಿವ, ಜಾಲನಾ ಜಿಲ್ಲೆಗಳಿಂದಲೂ ನಮ್ಮದೇ ವಿಜಯಪುರ, ಕಲಬುರಗಿ ಭಾಗದ ತಾಂಡಾಗಳಿಂದಲೂ ಕಟಾವಿನ ತಂಡಗಳು ಬಂದಿಳಿಯುತ್ತವೆ. ಉಗಾರ ಖುರ್ದದಿಂದ ನಿಪ್ಪಾಣಿಯವರೆಗೆ ಸಕ್ಕರೆ ಕಾರ್ಖಾನೆಗಳ ಸುತ್ತಮುತ್ತ ಜೋಪಡಿಗಳ ಸಾಲು ಏಳುತ್ತದೆ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ, ಕೆಲವು ವರ್ಷ ಏಪ್ರಿಲ್‌ವರೆಗೂ, ಈ ಜನರು ನಮ್ಮ ನೆರೆಹೊರೆಯವರಾಗಿರುತ್ತಾರೆ. ಆದರೆ ನಮ್ಮ ಊರಿನ ಯಾವ ದಾಖಲೆಯಲ್ಲಿಯೂ ಅವರ ಹೆಸರಿರುವುದಿಲ್ಲ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ನಡೆಸಿದ ಹೋರಾಟವನ್ನು ನಾಡೆಲ್ಲ ಕಂಡಿತು. ಟನ್ನಿಗೆ 3,500 ರೂಪಾಯಿ ಬೆಲೆ ಬೇಕೆಂಬುದು ಅವರ ಬೇಡಿಕೆಯಾಗಿತ್ತು. ಕೊನೆಗೆ ಸರಕಾರದ ಪಾಲೂ ಸೇರಿ 3,300 ರೂಪಾಯಿಗೆ ಒಪ್ಪಂದವಾಯಿತು. ರೈತರ ಬೇಡಿಕೆ ನ್ಯಾಯವಾದುದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಈ ಲೆಕ್ಕಾಚಾರದಲ್ಲಿ ಕಬ್ಬು ಕಡಿದವನ ಪ್ರಸ್ತಾಪ ಎಲ್ಲಿ ಬಂದಿತೆಂಬುದನ್ನು ಗಮನಿಸಬೇಕು. ‘ಕಟಾವು ಮತ್ತು ಸಾಗಣೆ ವೆಚ್ಚ’ ಎಂಬ ಒಂದು ಕಡಿತದ ಸಾಲಿನಲ್ಲಿ ಮಾತ್ರ! ಆ ವೆಚ್ಚ ಯಾರ ಪಾಲಿಗೆ ಎಂದು ರೈತರೂ ಕಾರ್ಖಾನೆಗಳೂ ವಾದಿಸಿದರೇ ಹೊರತು, ಆ ಹಣ ಕಡಿಯುವ ಕೈಗೆ ಎಷ್ಟು ತಲುಪುತ್ತದೆಂದು ಯಾರೂ ಕೇಳಲಿಲ್ಲ. ಮಹಾರಾಷ್ಟ್ರದಲ್ಲಿ ಕಟಾವು ಕಾರ್ಮಿಕರು ಸಂಘಟಿತರಾಗಿ ಕೇಳಿದ್ದರಿಂದ 2024ರ ಜನವರಿಯಲ್ಲಿ ಅವರ ದರ ಶೇಕಡಾ 34ರಷ್ಟು ಏರಿ, ಟನ್ನಿಗೆ ಸುಮಾರು 366 ರೂಪಾಯಿ ಆಯಿತು. ಗಡಿ ದಾಟಿ ಬಂದವರ ಪರವಾಗಿ ಇಲ್ಲಿ ಕೇಳುವವರು ಯಾರು?

ಈ ದುಡಿಮೆಯ ರೀತಿಯನ್ನು ತಿಳಿದುಕೊಳ್ಳದೆ ಸಹಾಯದ ಮಾತನಾಡುವುದು ವ್ಯರ್ಥ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಎಣಿಸುವುದು ರೂಢಿ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಕತ್ತಿಯೊಂದು, ಅದರ ಹಿಂದಿನ ಜೀವಗಳು ಎರಡು. ಮಳೆಗಾಲದಲ್ಲಿ ಊರಿನಲ್ಲಿ ಕೆಲಸವಿಲ್ಲದಿರುವಾಗ ಮುಕಾದಮನು ಮುಂಗಡ ಕೊಡುತ್ತಾನೆ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಹಳೆಯ ಸಾಲ ಎಲ್ಲವೂ ಅದರಲ್ಲಿ ಕಳೆದುಹೋಗುತ್ತದೆ. ಅನಂತರ ಐದಾರು ತಿಂಗಳು ಆ ಮುಂಗಡವನ್ನು ಟನ್ನುಗಳ ಲೆಕ್ಕದಲ್ಲಿ ತೀರಿಸಬೇಕು. ತೂಕದ ಚೀಟಿ ಕಾರ್ಮಿಕನ ಕೈಗೆ ಬರುವುದಿಲ್ಲ, ಲೆಕ್ಕದ ಪುಸ್ತಕ ಮುಕಾದಮನ ಬಳಿ ಇರುತ್ತದೆ. ಒಂದು ದಿನ ರಜೆ ಹಾಕಿದರೆ ದಂಡ ಬೀಳುತ್ತದೆ. ಹಂಗಾಮು ಮುಗಿದಾಗ ಬಾಕಿ ಉಳಿದರೆ ಅದು ಮುಂದಿನ ವರ್ಷಕ್ಕೆ ಸಾಗುತ್ತದೆ.

ಇದರ ಬೆಲೆಯನ್ನು ಹೆಚ್ಚಾಗಿ ತೆರುವವರು ಹೆಂಗಸರು ಮತ್ತು ಮಕ್ಕಳು. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸ್ತ್ರೀಯರ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಗಳ ಸುದ್ದಿ 2019ರಲ್ಲಿ ಹೊರಬಿದ್ದಾಗ ಮಹಾರಾಷ್ಟ್ರ ಸರಕಾರವು ನೀಲಮ್ ಗೋರ್ಹೆಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಮೀಕ್ಷೆಗೆ ಒಳಪಟ್ಟ 82,309 ಸ್ತ್ರೀಯರಲ್ಲಿ 13,861 ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ತಿಂಗಳ ಮುಟ್ಟಿನ ದಿನಗಳಲ್ಲಿ ವಿಶ್ರಾಂತಿಯಿಲ್ಲದ, ಬಸುರಿಗೂ ಹೊರೆ ತಪ್ಪದ ದುಡಿಮೆಯ ಹಿನ್ನೆಲೆಯಲ್ಲಿ ಈ ಸಂಖ್ಯೆಯನ್ನು ಓದಬೇಕು. ಇನ್ನು ಮಕ್ಕಳು ದೀಪಾವಳಿಯ ಹೊತ್ತಿಗೆ ಶಾಲೆ ಬಿಟ್ಟು ಬರುತ್ತಾರೆ, ಯುಗಾದಿಯ ಹೊತ್ತಿಗೆ ಹಿಂತಿರುಗುತ್ತಾರೆ. ಅಷ್ಟರಲ್ಲಿ ಅರ್ಧ ವರ್ಷದ ಪಾಠ ಹೋಗಿರುತ್ತದೆ. ಎರಡು ಮೂರು ಹಂಗಾಮು ಹೀಗೆ ಕಳೆದರೆ ಮಗು ಶಾಲೆಯಿಂದ ಶಾಶ್ವತವಾಗಿ ಹೊರಗುಳಿದು, ಹದಿನೈದಕ್ಕೆ ತಾನೇ ಒಂದು ಕೊಯ್ತಾದ ಭಾಗವಾಗುತ್ತದೆ.

ಕಾನೂನುಗಳ ಕೊರತೆಯಿಂದ ಹೀಗಾಗಿದೆಯೆಂದು ಹೇಳುವಂತಿಲ್ಲ. ಮುಂಗಡದ ಬಲದಿಂದ ದುಡಿಸಿಕೊಳ್ಳುವುದನ್ನು ತಡೆಯಲು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಂದು ಜಾರಿಗೊಂಡ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯ ಮಾತು ಅದರಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ವಹಿಸಿದೆ. ಒಂದೇ ದೇಶ ಒಂದೇ ಪಡಿತರ ಚೀಟಿ ಯೋಜನೆ 2022ರ ವೇಳೆಗೆ ಎಲ್ಲ ರಾಜ್ಯಗಳನ್ನೂ ಒಳಗೊಂಡಿರುವುದರಿಂದ ಬೀಡದ ಚೀಟಿಯವರು ಚಿಕ್ಕೋಡಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ 2021ರ ಆಗಸ್ಟಿನಿಂದ ಇ-ಶ್ರಮ್ ವ್ಯವಸ್ಥೆಯೂ ಇದೆ.

ಹಾಗಾದರೆ ಕೊರತೆ ಎಲ್ಲಿದೆ? ನಮ್ಮ ಅಭಿಪ್ರಾಯದಲ್ಲಿ ಸಹಾಯ ದೊರೆಯುವ ಸ್ಥಳ ಮತ್ತು ಸಮಯಗಳು ವಲಸಿಗನ ದಿನಚರಿಗೆ ಹೊಂದುವುದಿಲ್ಲ. ಕಚೇರಿ ತೆರೆದಿರುವಾಗ ಅವನು ಹೊಲದಲ್ಲಿರುತ್ತಾನೆ, ಅವನು ಜೋಪಡಿಗೆ ಬರುವಾಗ ಕಚೇರಿ ಮುಚ್ಚಿರುತ್ತದೆ. ಅರ್ಜಿ ಕನ್ನಡದಲ್ಲಿರುತ್ತದೆ, ಅವನಿಗೆ ಬರುವುದು ಮರಾಠಿ ಅಥವಾ ಲಂಬಾಣಿ. ಕಾರ್ಖಾನೆಯನ್ನು ಕೇಳಿದರೆ ಇವರು ಮುಕಾದಮನ ಜನರೆನ್ನುತ್ತದೆ, ಮುಕಾದಮನು ಸಾಗಣೆದಾರನತ್ತ ಕೈ ತೋರಿಸುತ್ತಾನೆ. ಹಕ್ಕನ್ನೂ ಹಕ್ಕುದಾರನನ್ನೂ ಒಂದೆಡೆ ಕೂಡಿಸುವ ಜಾಗವೊಂದು ಇಲ್ಲ. ಅಂಥ ಜಾಗವನ್ನೇ ನಾವು ವಲಸಿಗರ ಸಹಾಯ ಕೇಂದ್ರವೆಂದು ಕರೆಯುತ್ತೇವೆ.

ಕ್ರಿಸ್ತ ಜಯಂತಿಯ ಸಮಯದಲ್ಲಿ ಕಂಬಳಿ, ಸಿಹಿತಿಂಡಿ ಹಂಚುವ ಪದ್ಧತಿ ನಮ್ಮಲ್ಲಿದೆ. ಅದು ಒಳ್ಳೆಯದೇ, ನಿಲ್ಲಬಾರದು. ಆದರೆ ಡಿಸೆಂಬರಿನ ಚಳಿಗೆ ಕಂಬಳಿ ಕೊಟ್ಟು ಮಾರ್ಚಿನ ಲೆಕ್ಕಕ್ಕೆ ಸಾಕ್ಷಿ ನಿಲ್ಲದಿದ್ದರೆ ಆ ಕುಟುಂಬವು ಬಂದ ಸಾಲದೊಂದಿಗೇ ಹಿಂದಿರುಗುತ್ತದೆ.

ಸಹಾಯ ಕೇಂದ್ರವೆಂಬುದು ಕಥೋಲಿಕರಾದ ನಮಗೆ ಹೊಸ ಕಲ್ಪನೆಯೇನಲ್ಲ. ನಮ್ಮಲ್ಲಿ ಅನೇಕರ ಹಿರಿಯರು ಗೋವೆಯಿಂದ, ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಹೊರಟವರು. ಮುಂಬಯಿಯ ಧೋಬಿ ತಲಾವ್, ಮಜಗಾಂವ್ ಭಾಗಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಗೋವೆಯ ಒಂದೊಂದು ಹಳ್ಳಿಯವರೂ ನಡೆಸಿಕೊಂಡು ಬಂದ ‘ಕೂಡ್’ಗಳ ಹೆಸರನ್ನು ಹಿರಿಯರು ಕೇಳಿರಬಹುದು. ಹಡಗಿನ ನೌಕರರು, ಅಡಿಗೆಯವರು, ಸಂಗೀತಗಾರರು ಅಲ್ಪ ಬಾಡಿಗೆಗೆ ಅಲ್ಲಿ ತಂಗುತ್ತಿದ್ದರು. ಪೆಟ್ಟಿಗೆ ಇಡಲು ಜಾಗ, ಸಂಜೆಗೆ ಜಪಮಾಲೆ, ವರ್ಷಕ್ಕೊಮ್ಮೆ ಊರಿನ ಪಾಲಕ ಸಂತರ ಹಬ್ಬ ಇವೆಲ್ಲ ಅಲ್ಲಿದ್ದವು. ಯಾವ ಹಡಗಿನಲ್ಲಿ ಕೆಲಸ ಖಾಲಿಯಿದೆಯೆಂಬ ಸುದ್ದಿಯೂ ಅಲ್ಲಿಯೇ ತಿಳಿಯುತ್ತಿತ್ತು. ಹಬ್ಬವೂ ಉದ್ಯೋಗದ ಸುದ್ದಿಯೂ ಒಂದೇ ಸೂರಿನಡಿ ಇದ್ದುದರಿಂದ ಜನರು ಅಲ್ಲಿಗೆ ಬಂದರು, ಬಂದವರು ಪರಸ್ಪರ ನೆರವಾದರು. ಕೂಡ್‌ನ ಸೌಲಭ್ಯ ಆಯಾ ಹಳ್ಳಿಯವರಿಗೆ ಮಾತ್ರ ಮೀಸಲಾಗಿತ್ತು. ಇಂದು ನಾವು ಕಟ್ಟಬೇಕಾದುದು ಬೇರೆ ಊರಿನ, ಬೇರೆ ಧರ್ಮದ ಜನರಿಗಾಗಿ ಎಂಬುದಷ್ಟೇ ವ್ಯತ್ಯಾಸ.

ಹತ್ತಿರದ ನಿದರ್ಶನಗಳೂ ಇವೆ. 2000ದ ದಶಕದಲ್ಲಿ ‘ಜನಾರ್ಥ’ ಎಂಬ ಸಂಸ್ಥೆಯು ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳ ಆವರಣದಲ್ಲಿ ‘ಸಾಖರ ಶಾಲೆ’ಗಳನ್ನು, ಅಂದರೆ ಸಕ್ಕರೆ ಶಾಲೆಗಳನ್ನು ನಡೆಸಿತು. ಮಗು ಶಾಲೆಗೆ ಬರಲಾರದಾದಾಗ ಶಾಲೆಯೇ ಜೋಪಡಿಯ ಬಳಿಗೆ ಹೋಯಿತು. ಕೇರಳದ ಎರ್ನಾಕುಳಂ ಜಿಲ್ಲಾಡಳಿತವು 2017ರಲ್ಲಿ ‘ರೋಷ್ನಿ’ ಯೋಜನೆಯಡಿ ವಲಸಿಗರ ಮಕ್ಕಳಿಗೆ ಅವರ ಮಾತೃಭಾಷೆ ಬಲ್ಲ ಸ್ವಯಂಸೇವಕರನ್ನು ನೇಮಿಸಿತು. ಎರ್ನಾಕುಳಂನವರು ಹುಡುಕಿ ತರಬೇಕಾಗಿದ್ದ ಎರಡು ಭಾಷೆಯ ಜ್ಞಾನ ನಮ್ಮ ಗಡಿ ತಾಲೂಕುಗಳಲ್ಲಿ ಮನೆಮನೆಯಲ್ಲಿದೆ. ನಿಪ್ಪಾಣಿ, ಕಾಗವಾಡಗಳಲ್ಲಿ ಕನ್ನಡ, ಮರಾಠಿ ಎರಡೂ ಮಾಧ್ಯಮದ ಶಾಲೆಗಳಿವೆ. ಇಷ್ಟು ವರ್ಷ ವಾದವಿವಾದಗಳಿಗೆ ಕಾರಣವಾದ ಈ ದ್ವಿಭಾಷಿಕತೆಯನ್ನು ಬೀಡದ ಮಗುವಿನ ಓದಿಗೆ ಸೇತುವೆಯಾಗಿ ಬಳಸಿದರೆ ಅದಕ್ಕಿಂತ ಉತ್ತಮವಾದ ಉಪಯೋಗ ಬೇರೆ ಯಾವುದು?

ಧರ್ಮಸಭೆಯು 1914ರಿಂದ ವಲಸಿಗರಿಗಾಗಿ ಒಂದು ದಿನವನ್ನು ಮೀಸಲಿಟ್ಟಿದೆ. 2019ರಿಂದ ಅದು ಸೆಪ್ಟೆಂಬರಿನ ಕೊನೆಯ ಭಾನುವಾರಕ್ಕೆ ನಿಗದಿಯಾಗಿದೆ. 2025ರಲ್ಲಿ ಮಾತ್ರ ಜುಬಿಲಿ ವರ್ಷದ ನಿಮಿತ್ತ ಅಕ್ಟೋಬರ್ 4 ಮತ್ತು 5ರಂದು ಆಚರಿಸಲಾಯಿತು. ದಿವಂಗತ ಪೋಪ್ ಫ್ರಾನ್ಸಿಸರು 2018ರ ಸಂದೇಶದಲ್ಲಿ ವಲಸಿಗರನ್ನು ಬರಮಾಡಿಕೊಳ್ಳುವುದು, ರಕ್ಷಿಸುವುದು, ಬೆಳೆಸುವುದು, ಸಮಾಜದಲ್ಲಿ ಒಂದಾಗಿಸುವುದು ಎಂಬ ನಾಲ್ಕು ಕರ್ತವ್ಯಗಳನ್ನು ವಿಧಿಸಿದರು. ನಮ್ಮ ಐದು ತಾಲೂಕುಗಳಿಗೆ ಈ ದಿನದ ಮಹತ್ವ ವಿಶೇಷವಾದುದು. ಸೆಪ್ಟೆಂಬರಿನ ಕೊನೆಯ ಭಾನುವಾರವೆಂದರೆ ಕಟಾವಿನ ತಂಡಗಳು ಬರಲು ಇನ್ನೂ ಕೆಲವು ವಾರಗಳಿರುವ ಸಮಯ. ಪ್ರಬೋಧನೆಯನ್ನು ಕೇಳಿ ಮನೆಗೆ ಹೋಗುವ ದಿನವಾಗಿದ್ದ ಅದನ್ನು ಸಿದ್ಧತೆಯ ದಿನವನ್ನಾಗಿ ಮಾಡಬಹುದು.

ಕೇಂದ್ರದ ಕಾರ್ಯಕ್ರಮಗಳನ್ನು ಹಂಗಾಮಿನ ಪಂಚಾಂಗಕ್ಕೆ ಅನುಗುಣವಾಗಿ ಮೂರು ಹಂತಗಳಲ್ಲಿ ಯೋಜಿಸಬೇಕೆಂಬುದು ನಮ್ಮ ಸೂಚನೆ. ಮೊದಲನೆಯದು ಆಗಮನದ ಹಂತ. ತಂಡ ಬಂದ ಮೊದಲ ಎರಡು ವಾರಗಳಲ್ಲಿ ಸಂಜೆಯ ಹೊತ್ತು ಜೋಪಡಿಗಳಿಗೆ ಹೋಗಿ ಮಕ್ಕಳು, ಬಸುರಿಯರು, ಬಾಣಂತಿಯರ ಪಟ್ಟಿ ಮಾಡುವುದು. ಅದನ್ನು ಆಶಾ ಕಾರ್ಯಕರ್ತೆಗೆ, ಅಂಗನವಾಡಿಗೆ, ಸಮೀಪದ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಲುಪಿಸುವುದು. ಪಡಿತರ ಚೀಟಿಯಿಂದ ಇಲ್ಲಿಯೇ ಧಾನ್ಯ ಪಡೆಯುವ ಕ್ರಮವನ್ನು ತೋರಿಸಿಕೊಡುವುದು. ವಲಸೆ ಹೋಗುವ ಮಕ್ಕಳಿಗೆ ಮಹಾರಾಷ್ಟ್ರ ಸರಕಾರವು ‘ಶಿಕ್ಷಣ ಹಮೀ ಪತ್ರ’ ಕೊಡುವ ಪದ್ಧತಿಯನ್ನು ತಂದಿದೆ. ಅದು ಮಗುವಿನ ಬಳಿ ಇದೆಯೇ ಎಂದು ಕೇಳಿ ನೋಡುವವರು ಬೇಕು.

ಎರಡನೆಯದು ದುಡಿಮೆಯ ಹಂತ. ವಾರಕ್ಕೊಂದು ಸಂಜೆ ನಿಶ್ಚಿತ ಸ್ಥಳದಲ್ಲಿ, ನಿಶ್ಚಿತ ಹೊತ್ತಿನಲ್ಲಿ ಕೇಂದ್ರ ತೆರೆದಿರಬೇಕು. ಅಲ್ಲಿ ಒಬ್ಬ ದಾದಿ, ಅರ್ಜಿ ಬರೆಯಬಲ್ಲ ಒಬ್ಬ ಯುವಕ, ತಿಂಗಳಿಗೊಮ್ಮೆ ಒಬ್ಬ ವಕೀಲರು ಇದ್ದರೆ ಸಾಕು. ತಾಲೂಕು ಕಾನೂನು ಸೇವಾ ಸಮಿತಿಯ ಉಚಿತ ನೆರವು, ಅದರ 15100 ಎಂಬ ಸಹಾಯವಾಣಿ, ಮಕ್ಕಳಿಗಾಗಿ ಇರುವ 1098 ಇವುಗಳ ಪರಿಚಯ ಮಾಡಿಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಕುಟುಂಬಕ್ಕೂ ಒಂದು ಚಿಕ್ಕ ನೋಟುಪುಸ್ತಕ ಕೊಟ್ಟು ಆ ವಾರ ಕಡಿದ ಟನ್ನುಗಳನ್ನೂ ಪಡೆದ ಹಣವನ್ನೂ ಬರೆಸಬೇಕು. ಮುಕಾದಮನ ಪುಸ್ತಕದ ಎದುರಿಗೆ ಇಡಲು ಕಾರ್ಮಿಕನ ಬಳಿಯೂ ಒಂದು ಪುಸ್ತಕವಿರುತ್ತದೆ. ಕ್ರಿಸ್ತ ಜಯಂತಿ, ಸಂಕ್ರಾಂತಿಗಳ ಸಮಯದಲ್ಲಿ ಮಕ್ಕಳ ಆಟೋಟ, ಸ್ತ್ರೀಯರ ಆರೋಗ್ಯ ತಪಾಸಣೆ ಏರ್ಪಡಿಸಿದರೆ ಸಂಕೋಚ ಕಳೆದು ಜನ ತಾವಾಗಿಯೇ ಬರುವರು.

ಮೂರನೆಯದು ನಿರ್ಗಮನದ ಹಂತ. ತಪಸ್ಸು ಕಾಲದ ಕೊನೆಯ ವಾರಗಳು ಸಾಮಾನ್ಯವಾಗಿ ಲೆಕ್ಕ ಚುಕ್ತಾ ಆಗುವ ದಿನಗಳೂ ಹೌದು. ಆಗ ಕುಟುಂಬದ ಜೊತೆ ಕುಳಿತು ಲೆಕ್ಕ ಓದಿಕೊಡುವುದು, ಮಗುವಿನ ಹಾಜರಾತಿಯ ಪತ್ರವನ್ನು ಶಾಲೆಯಿಂದ ತಂದುಕೊಡುವುದು, ಲಸಿಕೆಯ ಚೀಟಿ ಜೊತೆಗಿರುವಂತೆ ನೋಡಿಕೊಳ್ಳುವುದು ಕೇಂದ್ರದ ಕೆಲಸ. ನಮ್ಮ ತಪಸ್ಸು ಕಾಲದ ದಾನಧರ್ಮಕ್ಕೆ ಇದಕ್ಕಿಂತ ಯೋಗ್ಯವಾದ ರೂಪವೊಂದು ನಮಗೆ ತೋರದು.

ಇದಕ್ಕೆ ಆಕ್ಷೇಪಗಳು ಬರದಿರವು. ಮುಂಗಡ ಪಡೆದು ತಂಡವೇ ಬಾರದೆ ಲಕ್ಷಾಂತರ ರೂಪಾಯಿ ಕಳೆದುಕೊಂಡ ರೈತರೂ ಟ್ರ್ಯಾಕ್ಟರ್ ಮಾಲೀಕರೂ ಈ ಭಾಗದಲ್ಲಿದ್ದಾರೆ. ವಲಸಿಗರ ಪಕ್ಷ ವಹಿಸುವುದೆಂದರೆ ತಮ್ಮ ವಿರುದ್ಧ ನಿಲ್ಲುವುದೆಂದು ಅವರು ಭಾವಿಸಬಾರದು. ಬಾಯಿಮಾತಿನ ಮುಂಗಡವೇ ಮೋಸಕ್ಕೆ ದಾರಿ. ಬರವಣಿಗೆಯ ಲೆಕ್ಕ ಇಬ್ಬರಿಗೂ ರಕ್ಷಣೆ. ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದುದು. ಕ್ರೈಸ್ತರು ಜೋಪಡಿಗಳಿಗೆ ಹೋದರೆಂದರೆ ಮತಾಂತರದ ಸಂಶಯ ಏಳುವ ಕಾಲವಿದು. ಆದ್ದರಿಂದ ಕೇಂದ್ರವು ಚರ್ಚಿನ ಆವರಣದಲ್ಲಿಯೇ ಇರಬೇಕೆಂದಿಲ್ಲ. ಗ್ರಾಮ ಪಂಚಾಯಿತಿ, ಶಾಲೆ, ಸ್ತ್ರೀಯರ ಸ್ವಸಹಾಯ ಸಂಘಗಳೊಡನೆ ಸೇರಿ, ಎಲ್ಲರೂ ನೋಡಬಹುದಾದ ಖರ್ಚಿನ ಲೆಕ್ಕದೊಂದಿಗೆ ನಡೆಯಲಿ. ಅಲ್ಲಿ ಧರ್ಮಬೋಧನೆ ಬೇಡ. ಪರದೇಶಿಯನ್ನು ಒಳಗೆ ಕರೆದವನನ್ನು ಪ್ರಭು ಗುರುತಿಸುವರೆಂಬ ನಮ್ಮ ನಂಬಿಕೆಗೆ ಅತಿಥಿಯ ಧರ್ಮವನ್ನು ಕೇಳುವ ಅಗತ್ಯವಿಲ್ಲ.

ನಮ್ಮ ಸಂಖ್ಯೆ ಚಿಕ್ಕದೆಂಬುದೂ ನಿಜ. ಬೆಳಗಾವಿ ಧರ್ಮಪ್ರಾಂತ್ಯವು 1953ರಲ್ಲಿ ಸ್ಥಾಪನೆಯಾದಂದಿನಿಂದಲೂ ಈ ಉತ್ತರದ ತಾಲೂಕುಗಳಲ್ಲಿ ಕಥೋಲಿಕ ಕುಟುಂಬಗಳು ವಿರಳ. ಆದರೆ ಆ ಕುಟುಂಬಗಳಲ್ಲಿ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ನಿವೃತ್ತ ನೌಕರರಿದ್ದಾರೆ, ಕಾಲೇಜಿನ ಮಕ್ಕಳಿದ್ದಾರೆ. ವಾರಕ್ಕೆರಡು ಗಂಟೆ ಕೊಡುವ ಐವರಿದ್ದರೆ ಒಂದು ಜೋಪಡಿ ಸಾಲಿಗೆ ಸಾಕಾಗುತ್ತದೆ. ಇದರಿಂದ ನಮ್ಮ ಯುವಕರಿಗೂ ಲಾಭವಿದೆ. ಇಚಲಕರಂಜಿ, ಪುಣೆ, ಗೋವಾ, ಕೊಲ್ಲಿ ದೇಶಗಳಿಗೆ ಹೊರಡುವ ನಮ್ಮ ಹುಡುಗರು ನಾಳೆ ತಾವೇ ವಲಸಿಗರಾಗುವರು. ಕರಾರು ಪತ್ರವನ್ನು ಓದುವುದು ಹೇಗೆ, ಪರವಾನಗಿ ಇಲ್ಲದ ದಲ್ಲಾಳಿಯನ್ನು ಗುರುತಿಸುವುದು ಹೇಗೆ, ಸಂಬಳದ ಲೆಕ್ಕ ಕೇಳುವುದು ಹೇಗೆ ಎಂಬ ಪಾಠ ಅವರಿಗೂ ಇಲ್ಲಿ ದೊರೆಯುವುದು. ಗೋವೆಯ ಬೈನಾದಲ್ಲಿ 2004ರಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರೂ ಇದ್ದರೆಂಬುದನ್ನು ಮರೆಯದಿರೋಣ.

ಹೆರೋದನ ಭಯದಿಂದ ಈಜಿಪ್ಟಿಗೆ ಹೋದ ತಿರುಕುಟುಂಬವನ್ನು ಅಲ್ಲಿ ಯಾರು ಬರಮಾಡಿಕೊಂಡರೆಂದು ಶುಭಸಂದೇಶ ಹೇಳುವುದಿಲ್ಲ. ಯಾರೋ ನೆರೆಯವರು ಬಾಗಿಲು ತೆರೆದಿರಬೇಕು. ಬರುವ ಸೆಪ್ಟೆಂಬರಿನ ಕೊನೆಯ ಭಾನುವಾರ, ಬಲಿಪೂಜೆಯ ಅನಂತರ ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿಯೂ ಅರ್ಧ ಗಂಟೆ ಕುಳಿತು ಮೂರು ವಿಷಯಗಳನ್ನು ನಿರ್ಧರಿಸಲಿ: ನಮ್ಮ ಸಮೀಪದ ಜೋಪಡಿ ಸಾಲು ಯಾವುದು, ಯಾವ ಸಂಜೆ ಕೇಂದ್ರ ತೆರೆದಿರುವುದು, ಆ ಐವರು ಯಾರು. ಅಷ್ಟು ನಿಶ್ಚಯವಾದರೆ ಉಳಿದ ಕೆಲಸ ಮೊದಲ ತಂಡ ಬಂದಿಳಿದ ದಿನವೇ ಆರಂಭವಾಗುವುದು.